ಬಂಗಲೆ ಗಲ್ಲಿಗೆ ಬಹುಮಹಡಿ ಬರುವ ಮುನ್ನ: ಪುಣೆ ಪಾಲಿಕೆಯ ಮುಂದೆ ನಿವಾಸಿಗಳು ಅಹವಾಲು ಮಂಡಿಸುವ ಸಮಗ್ರ ಮಾರ್ಗದರ್ಶಿ

ಪುಣೆಯ ಬಂಗಲೆ ಸೊಸೈಟಿಗಳ ನಿವಾಸಿಗಳು ಪಾಲಿಕೆಯ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ತೀರಾ ತಡವಾಗಿ. ಪಕ್ಕದ ಪ್ಲಾಟಿನ ಸುತ್ತ ತಗಡಿನ ಬೇಲಿ ಬಿದ್ದು, ಜೆಸಿಬಿ ಬಂದು, ಹಳೆಯ ಮನೆ ನೆಲಸಮವಾದ ಮೇಲೆ ಸಹಿ ಸಂಗ್ರಹ ಶುರುವಾಗುತ್ತದೆ. ಅಷ್ಟರಲ್ಲಿ ಬಿಲ್ಡರನ ಕೈಯಲ್ಲಿ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ (ಕೆಲಸ ಶುರುಮಾಡುವ ಪರವಾನಗಿ) ಇರುತ್ತದೆ. ನಿಯಮದ ಪ್ರಕಾರ ಸಿಕ್ಕ ಪರವಾನಗಿ ನೆರೆಹೊರೆಯವರ ಬೇಸರಕ್ಕೆ ಅಲುಗಾಡುವುದಿಲ್ಲ. ಆ ಪ್ಲಾಟಿನಲ್ಲಿ ಎಷ್ಟು ಕಟ್ಟಬಹುದು ಎಂಬುದು ನಿಶ್ಚಯವಾಗಿದ್ದು ಎಷ್ಟೋ ಮೊದಲು: ಗಲ್ಲಿಯ ರಸ್ತೆರೇಖೆ (ರಸ್ತೆಯ ಅಗಲ ಇಷ್ಟೆಂದು ಪಾಲಿಕೆ ನಕ್ಷೆಯಲ್ಲಿ ಎಳೆಯುವ ಗೆರೆ) ಬದಲಾದ ದಿನ, ಅಭಿವೃದ್ಧಿ ಯೋಜನೆಗೆ (ಎಲ್ಲರೂ ಹೇಳುವಂತೆ ಡಿಪಿಗೆ) ತಿದ್ದುಪಡಿ ಬಂದ ದಿನ, ಅಥವಾ ನಿಯಮಾವಳಿ ಹೊಸದಾದ ದಿನ. ನಿವಾಸಿಗಳ ಮಾತಿಗೆ ಕಾನೂನಿನಲ್ಲಿ ಬೆಲೆ ಇರುವುದು ಆ ಹಂತಗಳಲ್ಲಿ. ಈ ಬರಹದ ಬಹುಪಾಲು ಅವುಗಳ ಬಗ್ಗೆಯೇ ಇದೆ.

ಕೋಥರೂಡ್, ಸಹಕಾರನಗರ, ಔಂಧ್, ಮಾಡೆಲ್ ಕಾಲನಿ, ಬಿಬವೇವಾಡಿ ಕಡೆ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಜಾಹೀರಾತು, ಕಡತ, ವಿಚಾರಣೆ ಎಲ್ಲವೂ ಮರಾಠಿಯಲ್ಲಿ. ಆದ್ದರಿಂದ ಪಾಲಿಕೆಯ ಕಿಟಕಿಯಲ್ಲಿ ಕಿವಿಗೆ ಬೀಳುವ ಮಾತುಗಳನ್ನು ಇಲ್ಲಿ ಹಾಗೇ ಬಳಸಿದ್ದೇವೆ.

ಮೊದಲು ಎಫ್‌ಎಸ್‌ಐ ಲೆಕ್ಕ

ಮುಂಬೈ ಹಾಗೂ ಕೆಲವು ವಿಶೇಷ ಪ್ರದೇಶಗಳನ್ನು ಬಿಟ್ಟು ಇಡೀ ಮಹಾರಾಷ್ಟ್ರಕ್ಕೆ 2020ರ ಡಿಸೆಂಬರ್‌ನಲ್ಲಿ ಒಂದೇ ಕಟ್ಟಡ ನಿಯಮಾವಳಿ ಬಂತು. ಅದರ ಹೆಸರು ಯುಡಿಸಿಪಿಆರ್. ಪುಣೆಯಲ್ಲಿ ಒಂದು ಪ್ಲಾಟಿನ ಮೇಲೆ ಎಷ್ಟು ಕಟ್ಟಬಹುದು ಎಂಬುದಕ್ಕೆ ಅದರಲ್ಲಿ ಮುಖ್ಯ ಅಳತೆಗೋಲು ಎದುರಿನ ರಸ್ತೆಯ ಅಗಲ. ಪ್ಲಾಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತವೇ ಎಫ್‌ಎಸ್‌ಐ. ಮೂಲ ಎಫ್‌ಎಸ್‌ಐ ಹಳೆಯ ದಟ್ಟ ಭಾಗ ಬಿಟ್ಟು ಉಳಿದೆಡೆ 1.10. ಅದರ ಮೇಲೆ ಹಣ ಕಟ್ಟಿ ಪಡೆಯುವ ಪ್ರೀಮಿಯಂ ಎಫ್‌ಎಸ್‌ಐ ಮತ್ತು ಬೇರೆಡೆಯಿಂದ ಕೊಂಡು ತರುವ ಟಿಡಿಆರ್ (ಬೇರೆ ಜಾಗದ ಕಟ್ಟುವ ಹಕ್ಕು) ಸೇರುತ್ತವೆ. ಹೀಗೆ:

9 ಮೀಟರಿಗಿಂತ ಕಿರಿದಾದ ರಸ್ತೆ: ಪ್ರೀಮಿಯಂ ಇಲ್ಲ, ಟಿಡಿಆರ್ ಇಲ್ಲ, ಒಟ್ಟು 1.10
9ರಿಂದ 12 ಮೀಟರ್: ಪ್ರೀಮಿಯಂ 0.50, ಟಿಡಿಆರ್ 0.40, ಒಟ್ಟು 2.00
12ರಿಂದ 15 ಮೀಟರ್: ಒಟ್ಟು 2.25
15ರಿಂದ 24 ಮೀಟರ್: ಒಟ್ಟು 2.50
24ರಿಂದ 30 ಮೀಟರ್: ಒಟ್ಟು 2.75
30 ಮೀಟರ್ ಮತ್ತು ಮೇಲ್ಪಟ್ಟು: ಒಟ್ಟು 3.00

ಇಷ್ಟಕ್ಕೇ ಮುಗಿಯಲಿಲ್ಲ. ಬಾಲ್ಕನಿ, ಮೆಟ್ಟಿಲು, ಪ್ಯಾಸೇಜುಗಳ ಹೆಸರಿನಲ್ಲಿ ವಾಸದ ಕಟ್ಟಡಕ್ಕೆ ಇದರ ಶೇ. 60ರವರೆಗೆ ಆನ್ಸಿಲರಿ ಎಫ್‌ಎಸ್‌ಐ ಸಿಗುತ್ತದೆ, ಅದಕ್ಕೂ ಪ್ರೀಮಿಯಂ ಕಟ್ಟಬೇಕು. ಬಹಳಷ್ಟು ಆಕ್ಷೇಪಣೆಗಳಲ್ಲಿ ಈ ಶೇ. 60 ಬಿಟ್ಟುಹೋಗಿರುತ್ತದೆ. ಆಗ ನಿವಾಸಿಗಳ ಅಂಕಿಗೂ ನಿಜವಾಗಿ ಏಳುವ ಕಟ್ಟಡಕ್ಕೂ ತಾಳೆಯೇ ಇರುವುದಿಲ್ಲ.

ಒಂದು ಉದಾಹರಣೆ ನೋಡಿ. 1,000 ಚದರ ಮೀಟರಿನ ಬಂಗಲೆ ಪ್ಲಾಟು 6 ಮೀಟರ್ ಗಲ್ಲಿಯಲ್ಲಿದ್ದರೆ 1.10ಕ್ಕೆ ಶೇ. 60 ಸೇರಿಸಿ 1,760 ಚದರ ಮೀಟರ್ ಕಟ್ಟಬಹುದು. ಅದೇ ಗಲ್ಲಿ 9 ಮೀಟರ್ ಎಂದಾದರೆ 2.00ಕ್ಕೆ ಶೇ. 60 ಸೇರಿ 3,200 ಚದರ ಮೀಟರ್. ಫ್ಲಾಟಿಗೆ ಸುಮಾರು 100 ಚದರ ಮೀಟರ್ ಹಿಡಿದರೆ 17 ಫ್ಲಾಟು 32 ಆಗುತ್ತದೆ. ಮನೆಗೆ ನಾಲ್ಕೂವರೆ ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬ ಕೇಂದ್ರದ ಮಾನದಂಡ ಹಾಕಿದರೆ ನೀರಿನ ಬೇಡಿಕೆ ಸುಮಾರು 10,300 ಲೀಟರಿನಿಂದ 19,400 ಲೀಟರಿಗೆ ಏರುತ್ತದೆ. ಗಲ್ಲಿಯಲ್ಲಿ ಅಂಥ 40 ಪ್ಲಾಟು ಇದ್ದರೆ ಹೆಚ್ಚುವರಿ 600 ಫ್ಲಾಟುಗಳ ಸಾಧ್ಯತೆ ಹುಟ್ಟುತ್ತದೆ. ಒಂದು ಕಟ್ಟಡದ ಬಗ್ಗೆ ದೂರಿದರೆ ಅಧಿಕಾರಿ ‘ನಿಯಮದಲ್ಲಿದೆ’ ಎಂದು ಕಳಿಸಿಬಿಡಬಹುದು. 600 ಫ್ಲಾಟುಗಳ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅವರು ಬರಹದಲ್ಲಿ ಉತ್ತರಿಸಬೇಕಾಗುತ್ತದೆ.

ಮೆಟ್ರೊ ನಿಲ್ದಾಣದ 500 ಮೀಟರ್ ಒಳಗಿದ್ದರೆ ಟಿಒಡಿ ನಿಯಮ (ಸಾರಿಗೆ ನಿಲ್ದಾಣದ ಸುತ್ತ ಹೆಚ್ಚು ಕಟ್ಟಲು ಬಿಡುವ ನಿಯಮ) ಅನ್ವಯಿಸುತ್ತದೆ. ಅಲ್ಲಿ ರಸ್ತೆಯ ಅಗಲ ಮತ್ತು ಪ್ಲಾಟಿನ ಗಾತ್ರ ನೋಡಿ ಎಫ್‌ಎಸ್‌ಐ 4ರವರೆಗೂ ಹೋಗುತ್ತದೆ. ವನಾಜ್, ಆನಂದನಗರ, ಐಡಿಯಲ್ ಕಾಲನಿ, ನಳ ಸ್ಟಾಪ್ ನಿಲ್ದಾಣಗಳ ಸುತ್ತ ಈ ವೃತ್ತ ಕರ್ವೆ ರಸ್ತೆಯ ಒಳಗಲ್ಲಿಗಳನ್ನೂ ಮುಟ್ಟುತ್ತದೆ. ನಿಮ್ಮ ಸೊಸೈಟಿ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಪಾಲಿಕೆಯ ನಕ್ಷೆಯಲ್ಲಿ ನೋಡಿ, ಮೊಬೈಲ್ ನಕ್ಷೆಯ ಅಂದಾಜು ನಂಬಬೇಡಿ.

ಗಲ್ಲಿಯನ್ನು ಅಳೆಯಿರಿ

30 ಮೀಟರಿನ ಟೇಪು, ಇಬ್ಬರು ಜನ, ಒಂದು ಭಾನುವಾರ ಬೆಳಗ್ಗೆ ಸಾಕು. ಗಲ್ಲಿಯ ಬಾಯಿಯಿಂದ ಕೊನೆಯವರೆಗೆ ಪ್ರತಿ 20 ಮೀಟರಿಗೆ ಒಂದು ಕಡೆ ಎರಡು ಅಳತೆ ತೆಗೆಯಿರಿ: ಒಂದು, ಕಾಂಪೌಂಡಿನಿಂದ ಕಾಂಪೌಂಡಿಗೆ, ಇನ್ನೊಂದು, ವಾಹನ ನಿಜವಾಗಿ ಓಡಾಡುವ ಡಾಂಬರು ಭಾಗ. ಮೊದಲನೆಯದು ಕಾಗದದ ಅಗಲಕ್ಕೆ ಹತ್ತಿರ ಇರುತ್ತದೆ. ಎರಡನೆಯದರಲ್ಲಿ ಮಳೆನೀರಿನ ಗಟಾರ, ವಿದ್ಯುತ್ ಕಂಪನಿಯ ವಿತರಣಾ ಪೆಟ್ಟಿಗೆ, ಕಂಬ, ಮರದ ಕಟ್ಟೆ, ಮನೆಯವರು ಗೇಟಿನ ಮುಂದೆ ಹಾಕಿಕೊಂಡ ಇಳಿಜಾರು ಎಲ್ಲ ಕಳೆದುಹೋಗಿರುತ್ತದೆ. 6 ಮೀಟರ್ ಗಲ್ಲಿಯಲ್ಲಿ ಎರಡೂ ಬದಿ ಒಂದೊಂದು ಕಾರು ನಿಂತರೆ ಸುಮಾರು 3.6 ಮೀಟರ್ ಹೋಯಿತು, ನಡುವೆ ಉಳಿದದ್ದು 2.4. ಅಗ್ನಿಶಾಮಕದ ದೊಡ್ಡ ವಾಹನ ಸುಮಾರು 2.5 ಮೀಟರ್ ಅಗಲ ಇರುತ್ತದೆ. ಈ ಒಂದು ಸಾಲು ಆಕ್ಷೇಪಣೆಯಲ್ಲಿ ಹತ್ತು ಪುಟದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಟೇಪು ನೆಲದ ಮೇಲಿದ್ದು ಅಂಕಿ ಕಾಣುವಂತೆ, ಹಿಂದೆ ಮನೆ ನಂಬರು ಕಾಣುವಂತೆ ಫೋಟೊ ತೆಗೆಯಿರಿ. ರಾತ್ರಿ ಹತ್ತರ ಮೇಲೆ ಇನ್ನೊಂದು ಸುತ್ತು ಹೋಗಿ ನಿಂತ ವಾಹನಗಳನ್ನು ಎಣಿಸಿ. ಹಗಲಿನ ಎಣಿಕೆಯಿಂದ ಪಾರ್ಕಿಂಗಿನ ನಿಜ ತಿಳಿಯುವುದಿಲ್ಲ.

ಜತೆಗೆ ಈ ಕಾಗದಗಳು ಬೇಕು: ನಿಮ್ಮ ಮತ್ತು ವಿವಾದದ ಪ್ಲಾಟಿನ ಸಿಟಿಎಸ್ (ಸಿಟಿ ಸರ್ವೆ) ನಂಬರು, ಪ್ರಾಪರ್ಟಿ ಕಾರ್ಡ್ (ಸಿಟಿ ಸರ್ವೆ ಕಚೇರಿಯದು), ಪಾಲಿಕೆಯ ‘ಝೋನ್ ದಾಖಲೆ’ (ಪ್ಲಾಟಿನ ವಲಯ, ರಸ್ತೆಯ ಅಗಲ ಹೇಳುವ ಪತ್ರ), ಡಿಪಿಯ ಆ ಭಾಗದ ನಕ್ಷೆ, ಮತ್ತು ಸೊಸೈಟಿಯ ಮಂಜೂರಾದ ಮೂಲ ಲೇಔಟ್. ಲೇಔಟಿನಲ್ಲಿ ರಸ್ತೆ ಎಷ್ಟು ಅಡಿ ಎಂದಿದೆ, ಅದು ಪಾಲಿಕೆಗೆ ಹಸ್ತಾಂತರವಾಗಿದೆಯೋ ಇಲ್ಲವೇ ಇನ್ನೂ ಸೊಸೈಟಿಯ ಖಾಸಗಿ ರಸ್ತೆಯೋ ಎಂಬುದು ಮುಂದೆ ಬಹಳ ಬೆಲೆಬಾಳುವ ಮಾಹಿತಿ.

ಸೊಸೈಟಿಯ ಹಳೆಯ ಕಾಗದ ಬಿಚ್ಚಿ

ಪುಣೆಯ ಹಳೆಯ ಪ್ಲಾಟು ಸೊಸೈಟಿಗಳ ನೋಂದಾಯಿತ ಗುತ್ತಿಗೆ ಪತ್ರಗಳಲ್ಲಿ ‘ಒಂದು ಪ್ಲಾಟಿಗೆ ಒಂದೇ ವಾಸದ ಬಂಗಲೆ’, ‘ಇಂತಿಷ್ಟು ಮಹಡಿ’ ಎಂಬ ಷರತ್ತುಗಳಿರುವುದುಂಟು. ಪಾಲಿಕೆ ಪರವಾನಗಿ ಕೊಡುವಾಗ ಈ ಖಾಸಗಿ ಷರತ್ತುಗಳನ್ನು ಪರಿಶೀಲಿಸುವುದಿಲ್ಲ. ಅವು ಸಿವಿಲ್ ಅಥವಾ ಸಹಕಾರ ನ್ಯಾಯಾಲಯದ ವಿಷಯ. ಆದರೆ ಇವು ಇದ್ದರೆ ನಿಮ್ಮ ಕೈ ಬೇರೆಯದೇ ಬಲ ಪಡೆಯುತ್ತದೆ. 1961ರ ಪಾನ್‌ಶೇತ್ ಪ್ರವಾಹದ ನಂತರ ನಿರಾಶ್ರಿತರಿಗಾಗಿ ಸರ್ಕಾರಿ ಜಮೀನಿನ ಮೇಲೆ ಎದ್ದ ಸೊಸೈಟಿಗಳಾದರೆ ಜಿಲ್ಲಾಧಿಕಾರಿಯ ಅನುಮತಿಯ ಪ್ರಶ್ನೆಯೂ ಇರುತ್ತದೆ. ಒಬ್ಬ ವಕೀಲರಿಗೆ ಈ ಪತ್ರ ತೋರಿಸುವ ಖರ್ಚು ದಂಡವಾಗುವುದಿಲ್ಲ.

ಇಲ್ಲಿಯೇ ಒಳಜಗಳ ಹುಟ್ಟುವುದು ಕೂಡ. ವಯಸ್ಸಾದ ದಂಪತಿ, ಮಕ್ಕಳು ಪರದೇಶದಲ್ಲಿ, ಸೋರುವ ಬಂಗಲೆ: ಅವರಿಗೆ ಪ್ಲಾಟನ್ನು ಬಿಲ್ಡರನಿಗೆ ಕೊಡುವುದೇ ಬಾಳಿನ ಆಸರೆ ಆಗಿರಬಹುದು. ಅವರನ್ನು ಹೊರಗಿಟ್ಟು ಠರಾವು ಮಾಡಿದರೆ ಅವರೇ ಮುಂದೆ ಪಾಲಿಕೆಗೆ ‘ಸೊಸೈಟಿಯ ಪತ್ರ ಎಲ್ಲರ ಒಪ್ಪಿಗೆಯದಲ್ಲ’ ಎಂದು ಬರೆದುಕೊಡುತ್ತಾರೆ, ಬರೆದುಕೊಡಲು ಅವರಿಗೆ ಹಕ್ಕೂ ಇದೆ. ಆದ್ದರಿಂದ ಸಾಮಾನ್ಯ ಸಭೆ ಕರೆದು, ನೋಟಿಸಿನಲ್ಲಿ ವಿಷಯ ಸ್ಪಷ್ಟವಾಗಿ ಹಾಕಿ, ಒಪ್ಪಿದವರು ಎಷ್ಟು, ವಿರೋಧಿಸಿದವರು ಎಷ್ಟು ಎಂದು ನಡಾವಳಿಯಲ್ಲಿ ಬರೆಯಿರಿ. ಪುನರಾಭಿವೃದ್ಧಿಯೇ ಬೇಡ ಎಂಬ ಠರಾವಿಗಿಂತ ‘6 ಮೀಟರ್ ಗಲ್ಲಿಗೆ ಇರುವ ಮಿತಿಯೊಳಗೆ ಆಗಲಿ’ ಎಂಬ ಠರಾವಿಗೆ ಒಮ್ಮತ ಸಿಗುವುದು ಹೆಚ್ಚು.

ಯಾವ ಬಾಗಿಲು, ಯಾವ ಕಲಂ

ಸಾಂದ್ರತೆ ಏರಿಸುವ ತೀರ್ಮಾನ ನಾಲ್ಕು ದಾರಿಯಲ್ಲಿ ಬರಬಹುದು. ಯಾವ ದಾರಿ ಎಂದು ಗೊತ್ತಿಲ್ಲದೆ ಬರೆದ ಪತ್ರ ತಪ್ಪು ಮೇಜಿನಲ್ಲಿ ಕೊಳೆಯುತ್ತದೆ.

ಮೊದಲನೆಯದು ರಸ್ತೆರೇಖೆ. ಮಹಾರಾಷ್ಟ್ರ ಮಹಾನಗರ ಪಾಲಿಕೆ ಅಧಿನಿಯಮದ ಕಲಂ 210ರ ಕೆಳಗೆ ಆಯುಕ್ತರು ರಸ್ತೆಗೆ ಹೊಸ ರೇಖೆ ನಿಗದಿ ಮಾಡಬಹುದು. 2020ರಲ್ಲಿ ಪುಣೆ ಪಾಲಿಕೆ ಈ ಕಲಮಿನ ಆಧಾರದಲ್ಲೇ 323 ಗಲ್ಲಿಗಳನ್ನು 6ರಿಂದ 9 ಮೀಟರಿಗೆ ಏರಿಸುವ ಪ್ರಸ್ತಾವ ತಂದಾಗ ನಿವಾಸಿಗಳಿಂದ ದೊಡ್ಡ ಆಕ್ಷೇಪ ಬಂತು. ಮೇಲಿನ ಕೋಷ್ಟಕ ನೋಡಿದವರಿಗೆ ಕಾರಣ ತಾನಾಗಿ ತಿಳಿಯುತ್ತದೆ: ರೇಖೆ ಬದಲಾದರೆ 1.10 ಇದ್ದದ್ದು 2.00 ಆಗುವ ದಾರಿ ತೆರೆಯುತ್ತದೆ.

ಇದರಲ್ಲಿ ನಿಜವಾದ ಅಪಾಯ ಎಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕು. ರೇಖೆ ಎಳೆದ ಮಾತ್ರಕ್ಕೆ ರಸ್ತೆ ಅಗಲವಾಗುವುದಿಲ್ಲ. ಯಾರು ಮನೆ ಕೆಡವಿ ಹೊಸದಾಗಿ ಕಟ್ಟುತ್ತಾರೋ ಅವರು ತಮ್ಮ ಮುಂದಿನ ಒಂದೂವರೆ ಮೀಟರ್ ಪಟ್ಟಿ ಬಿಟ್ಟುಕೊಡುತ್ತಾರೆ ಮತ್ತು ಹೆಚ್ಚಿನ ಎಫ್‌ಎಸ್‌ಐ ಪಡೆಯುತ್ತಾರೆ. ಪಕ್ಕದವರು ಕಟ್ಟದಿದ್ದರೆ ಅವರ ಕಾಂಪೌಂಡು ಹಳೆಯ ಜಾಗದಲ್ಲೇ ಇರುತ್ತದೆ. ಹೀಗೆ ಗಲ್ಲಿ ಹಲ್ಲು ಮುರಿದ ಬಾಚಣಿಗೆಯಂತೆ ಅಲ್ಲಲ್ಲಿ ಅಗಲ, ಅಲ್ಲಲ್ಲಿ ಕಿರಿದಾಗಿ ಉಳಿಯುತ್ತದೆ. ಬಿಟ್ಟ ಪಟ್ಟಿಯಲ್ಲಿ ಹೊಸ ಕಟ್ಟಡದ ಅತಿಥಿಗಳ ಕಾರು ನಿಲ್ಲುತ್ತದೆ. ವಾಹನ ಓಡುವ ಅಗಲ ಇಂಚೂ ಹೆಚ್ಚುವುದಿಲ್ಲ, ಫ್ಲಾಟುಗಳು ಮಾತ್ರ ದುಪ್ಪಟ್ಟಿಗೆ ಹತ್ತಿರ. ಆದ್ದರಿಂದ ಕೇಳಬೇಕಾದ ಷರತ್ತು ಇದು: ಮುಖ್ಯ ರಸ್ತೆಯ ಕೂಡಿನಿಂದ ಆ ಪ್ಲಾಟಿನವರೆಗೆ 9 ಮೀಟರ್ ಅಖಂಡವಾಗಿ ಪಾಲಿಕೆಯ ಸ್ವಾಧೀನಕ್ಕೆ ಬಂದು ಡಾಂಬರಾಗುವವರೆಗೆ ಹೆಚ್ಚುವರಿ ಎಫ್‌ಎಸ್‌ಐ ಕೊಡಕೂಡದು. ನಮ್ಮ ತಿಳಿವಳಿಕೆಯಲ್ಲಿ ಇದಕ್ಕಿಂತ ನ್ಯಾಯವಾದ, ಅಧಿಕಾರಿಗಳಿಗೆ ತಳ್ಳಿಹಾಕಲು ಕಷ್ಟವಾದ ಬೇಡಿಕೆ ಇನ್ನೊಂದಿಲ್ಲ.

ಕಲಂ 210ರಲ್ಲಿ ನಿವಾಸಿಗಳಿಗೆ ರಕ್ಷಣೆಯೂ ಇದೆ. ಇದ್ದ ರೇಖೆಯ ಬದಲು ಹೊಸ ರೇಖೆ ತರುವುದಾದರೆ ಅದನ್ನು ತೀರ್ಮಾನಿಸುವ ಸಭೆಗೆ ಕನಿಷ್ಠ ಒಂದು ತಿಂಗಳು ಮೊದಲು ಸ್ಥಳೀಯ ಪತ್ರಿಕೆಗಳಲ್ಲಿ ಮತ್ತು ರಾಜಪತ್ರದಲ್ಲಿ ಜಾಹೀರಾತು ಬರಬೇಕು, ಆಯುಕ್ತರ ಸಹಿಯ ನೋಟಿಸನ್ನು ಆ ರಸ್ತೆಯಲ್ಲೇ ಹಚ್ಚಬೇಕು. ಆಕ್ಷೇಪಣೆಯನ್ನು ಬರಹದಲ್ಲಿ, ಸಭೆಗೆ ಪೂರ್ತಿ ಮೂರು ದಿನ ಮುಂಚೆ ನಗರಸಚಿವರ (ಪಾಲಿಕೆಯ ಕಾರ್ಯದರ್ಶಿಯ) ಕಚೇರಿಗೆ ಮುಟ್ಟಿಸಬೇಕು. ಎಡವುವುದು ಇಲ್ಲಿ. ಜನ ವಾರ್ಡ್ ಕಚೇರಿಗೆ ಅಥವಾ ಪಥ (ರಸ್ತೆ) ವಿಭಾಗಕ್ಕೆ ಪತ್ರ ಕೊಟ್ಟು ಬರುತ್ತಾರೆ. ನಗರಸಚಿವರ ಬಳಿ ಆ ಪತ್ರ ಇರುವುದಿಲ್ಲ, ಸಭೆಯಲ್ಲಿ ‘ಒಂದೂ ಹರಕತ್ (ಆಕ್ಷೇಪ) ಬಂದಿಲ್ಲ’ ಎಂದು ದಾಖಲಾಗುತ್ತದೆ. ನೋಟಿಸು ಗಲ್ಲಿಯಲ್ಲಿ ಹಚ್ಚಿದ್ದರೆ ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಹಚ್ಚದೇ ಇದ್ದರೆ ಅದೇ ನಿಮ್ಮ ಮೊದಲ ಆಕ್ಷೇಪ.

ಎರಡನೆಯ ದಾರಿ ಎಂಆರ್‌ಟಿಪಿ (ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ) ಅಧಿನಿಯಮ 1966ರ ಕಲಂ 37, ಅಂದರೆ ಮಂಜೂರಾದ ಡಿಪಿಗೆ ಅಥವಾ ನಿಯಮಾವಳಿಗೆ ಬಿಡಿ ತಿದ್ದುಪಡಿ. ತೋಟದ ಅಥವಾ ಶಾಲೆಯ ಮೀಸಲು ಜಾಗ ವಾಸದ ವಲಯವಾಗುವುದು ಬಹುಮಟ್ಟಿಗೆ ಹೀಗೆ. ಪಾಲಿಕೆಯಲ್ಲಿ ಶಹರ ಸುಧಾರಣಾ ಸಮಿತಿ, ನಂತರ ಮುಖ್ಯ ಸಭೆ, ನಂತರ ರಾಜಪತ್ರ ಮತ್ತು ಪತ್ರಿಕೆಯಲ್ಲಿ ಪ್ರಕಟಣೆ, ಒಂದು ತಿಂಗಳ ಅವಧಿ, ವಿಚಾರಣೆ, ಕೊನೆಗೆ ರಾಜ್ಯ ಸರ್ಕಾರದ ಮಂಜೂರಿ. ಕಲಂ 37ರ 1ಎಎ ಉಪಕಲಮಿನ ಪ್ರಕಾರ ಸರ್ಕಾರವೇ ನೇರವಾಗಿ ತಿದ್ದುಪಡಿ ತರಬಹುದು. ಆಗ ಆಕ್ಷೇಪಣೆ ಪಾಲಿಕೆಗೆ ಹೋಗುವುದಿಲ್ಲ, ನೋಟಿಸಿನಲ್ಲಿ ಹೆಸರಿಸಿದ ನಗರರಚನಾ ಅಧಿಕಾರಿಗೆ ಹೋಗಬೇಕು. ಎರಡರಲ್ಲೂ ಯಾರು ಬೇಕಾದರೂ ಆಕ್ಷೇಪಿಸಬಹುದು. ಬಾಡಿಗೆದಾರರು ಕೂಡ. ‘ನಮ್ಮ ಹೆಸರಲ್ಲಿ ಮನೆ ಇಲ್ಲ, ನಾವು ಹೊರಗಿನವರು’ ಎಂದು ಹಿಂದೆ ಸರಿಯುವ ಕನ್ನಡಿಗ ಕುಟುಂಬಗಳಿಗೆ ಇದನ್ನು ಒತ್ತಿ ಹೇಳಿ.

ಮೂರನೆಯದು ಇಡೀ ಡಿಪಿಯ ಪರಿಷ್ಕರಣೆ. ಪುಣೆಯ ಹಳೆಯ ಹದ್ದಿನ ಡಿಪಿ 2007–2027ರ ಅವಧಿಯದು. ಕರಡು 2013ರಲ್ಲಿ ಪ್ರಕಟವಾದಾಗ 80 ಸಾವಿರಕ್ಕೂ ಹೆಚ್ಚು ಆಕ್ಷೇಪ-ಸೂಚನೆಗಳು ಬಂದವು, 2015ರಲ್ಲಿ ಸರ್ಕಾರ ಅದನ್ನು ಪಾಲಿಕೆಯ ಕೈಯಿಂದ ತೆಗೆದುಕೊಂಡಿತು, ಮಂಜೂರಾದದ್ದು 2017ರಲ್ಲಿ. ಪರಿಷ್ಕರಣೆಯಲ್ಲಿ ಮೊದಲು ಹಾಲಿ ಭೂಬಳಕೆಯ ಸಮೀಕ್ಷೆ ನಡೆಯುತ್ತದೆ. ನಿಮ್ಮ ಗಲ್ಲಿಯ ಅಳತೆ, ತೋಟ, ಮೈದಾನ, ಬಾವಿಗಳ ಪಟ್ಟಿಯನ್ನು ಆಗಲೇ ಕೊಟ್ಟರೆ ಕರಡು ನಕ್ಷೆಯಲ್ಲಿ ತಪ್ಪು ಕಡಿಮೆ. ಕರಡು ಪ್ರಕಟವಾದ ಮೇಲೆ ಸಿಗುವುದು 30 ದಿನ.

ನಾಲ್ಕನೆಯದು ಒಂದೊಂದು ಪ್ಲಾಟಿನ ಕಟ್ಟಡ ಪರವಾನಗಿ. ಇದರಲ್ಲಿ ನೆರೆಯವರನ್ನು ಕೇಳುವ ಹಂತವೇ ಇಲ್ಲ. ಅದರ ಮಾತು ಕೊನೆಗೆ.

ಜಾಹೀರಾತುಗಳನ್ನು ಕಾಯಲು ಒಬ್ಬರನ್ನು ನೇಮಿಸಿ. ಮರಾಠಿ ಓದು ಚೆನ್ನಾಗಿರುವ ಕಾಲೇಜು ಹುಡುಗಿ ಅಥವಾ ನಿವೃತ್ತ ಗುಮಾಸ್ತರು ವಾರಕ್ಕೆರಡು ಬಾರಿ ಪತ್ರಿಕೆಯ ಜಾಹೀರ್ ನೋಟಿಸು ಪುಟ, ಪಾಲಿಕೆಯ ಜಾಲತಾಣ, ರಾಜ್ಯದ ಇ-ಗೆಜೆಟಿನ ಪುಣೆ ವಿಭಾಗದ ಪುರವಣಿ ನೋಡಿದರೆ ಸಾಕು. ಪತ್ರಿಕೆಯಲ್ಲಿ ಬಂದ ದಿನಕ್ಕೂ ರಾಜಪತ್ರದ ದಿನಕ್ಕೂ ವ್ಯತ್ಯಾಸ ಇರಬಹುದು. ಮೊದಲು ಬಂದ ದಿನದಿಂದ ಎಣಿಸಿ, ಕೊನೆಯ ದಿನ ಭಾನುವಾರವಾದರೆ ಶುಕ್ರವಾರವೇ ಕೊಡಿ.

ಕಡತ ನೋಡುವುದು

ಮಾಹಿತಿ ಹಕ್ಕಿನ ಅರ್ಜಿಗೆ ಮಹಾರಾಷ್ಟ್ರದಲ್ಲಿ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ 20 ರೂಪಾಯಿ ಸ್ಟ್ಯಾಂಪು. ‘ಪರವಾನಗಿ ಯಾಕೆ ಕೊಟ್ಟಿರಿ?’ ಎಂದು ಕೇಳಬೇಡಿ. ‘ಯಾಕೆ’ ಎಂಬುದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಕೇಳಬೇಕಾದ್ದು ಕಾಗದ: ಇಂಥ ಸಿಟಿಎಸ್ ನಂಬರಿನ ಮಂಜೂರಾದ ನಕ್ಷೆ, ಅದರಲ್ಲಿ ತೋರಿಸಿದ ರಸ್ತೆಯ ಅಗಲಕ್ಕೆ ಆಧಾರ, ನೀರು-ಒಳಚರಂಡಿ ವಿಭಾಗದ ಎನ್‌ಒಸಿ, ಅಗ್ನಿಶಾಮಕದ ಎನ್‌ಒಸಿ, ಕಡತದ ಟಿಪ್ಪಣಿ ಹಾಳೆಗಳು.

ಅದಕ್ಕಿಂತ ಬೇಗದ ದಾರಿ ಕಡತವನ್ನು ಕಣ್ಣಾರೆ ನೋಡುವುದು. ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರಿಗೆ ಕಡತ ತೆರೆದಿಡುವ ಪದ್ಧತಿ ಪುಣೆ ಪಾಲಿಕೆಯಲ್ಲಿ ಬೆಳೆದದ್ದು. 2018ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಇತರ ಕಚೇರಿಗಳಿಗೂ ವಿಸ್ತರಿಸಿತು. ಹೋಗುವ ಮುನ್ನ ಸಂಬಂಧಪಟ್ಟ ವಲಯದ ಬಾಂಧಕಾಮ (ಕಟ್ಟಡ) ಪರವಾನಗಿ ವಿಭಾಗಕ್ಕೆ ಫೋನ್ ಮಾಡಿ, ಆ ಪದ್ಧತಿ ಈಗಲೂ ಇದೆಯೇ ಎಂದು ಕೇಳಿ, ಸಿಟಿಎಸ್ ನಂಬರು ಹೇಳಿ, ಇಲ್ಲದಿದ್ದರೆ ‘ಕಡತ ಸಾಹೇಬರ ಬಳಿ ಇದೆ’ ಎಂಬ ಉತ್ತರ ಖಚಿತ. ಟಿಪ್ಪಣಿ ಹಾಳೆಯನ್ನು ಮೊದಲು ಓದಿ. ಜೂನಿಯರ್ ಇಂಜಿನಿಯರ್ ಸ್ಥಳಕ್ಕೆ ಹೋಗಿ ಬರೆದ ರಸ್ತೆಯ ಅಗಲ ಮತ್ತು ನಕ್ಷೆಯಲ್ಲಿ ಆರ್ಕಿಟೆಕ್ಟ್ ತೋರಿಸಿದ ಅಗಲ ಬೇರೆಯಾಗಿದ್ದರೆ, ನಿಮ್ಮ ಟೇಪಿನ ಅಳತೆ ಅಲ್ಲಿ ಕೆಲಸಕ್ಕೆ ಬರುತ್ತದೆ.

500 ಚದರ ಮೀಟರಿಗಿಂತ ದೊಡ್ಡ ಪ್ಲಾಟಿನಲ್ಲಿ 8ಕ್ಕಿಂತ ಹೆಚ್ಚು ಫ್ಲಾಟು ಬರುವ ಯೋಜನೆಗಳು ಮಹಾರೇರಾದಲ್ಲಿ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿ ಆಗಲೇಬೇಕು. ಅಲ್ಲಿ ಮಂಜೂರಿ ಪತ್ರ, ಮಹಡಿಗಳ ಸಂಖ್ಯೆ ಕಾಸಿಲ್ಲದೆ ಸಿಗುತ್ತವೆ.

ಆಕ್ಷೇಪಣೆ ಬರೆಯುವ ಬಗೆ

ಪತ್ರ ಮರಾಠಿಯಲ್ಲಿರಲಿ. ಮೊದಲು ಕನ್ನಡದಲ್ಲಿ ಯೋಚಿಸಿ ಬರೆದು, ಗಲ್ಲಿಯ ಮರಾಠಿ ನೆರೆಯವರ ಜತೆ ಕುಳಿತು ಮಾಡಿಸಿಕೊಂಡರೆ ಆಯಿತು. ಆ ಕೂಟದಲ್ಲೇ ಅರ್ಧ ಸಂಘಟನೆ ಆಗಿಬಿಡುತ್ತದೆ. ಎರಡು ಪುಟ ಮೀರಬೇಡಿ. ಮೇಲೆ ನೋಟಿಸಿನ ಕ್ರಮಾಂಕ, ದಿನಾಂಕ, ಕಲಂ. ನಂತರ ಗಲ್ಲಿಯ ಹೆಸರು, ಪೇಠ ಅಥವಾ ಗ್ರಾಮದ ಹೆಸರು, ಸರ್ವೆ ನಂಬರು. ಇವು ತಪ್ಪಿದರೆ ವಿಂಗಡಿಸುವ ಗುಮಾಸ್ತರು ಪತ್ರವನ್ನು ಬೇರೆ ಕಟ್ಟಿಗೆ ಹಾಕುತ್ತಾರೆ. ಆಮೇಲೆ ಒಂದೊಂದು ಮುದ್ದೆಗೆ (ಮರಾಠಿಯ ‘ಮುದ್ದಾ’, ಅಂದರೆ ವಾದದ ಅಂಶ) ಒಂದೊಂದು ನಂಬರು. ಒಂದು ಮುದ್ದೆ ಹೀಗಿರಬಹುದು:

“ಮುದ್ದೆ 3. ಪ್ರಸ್ತಾವಿತ 9 ಮೀಟರ್ ರೇಖೆಯ ಒಟ್ಟು 380 ಮೀಟರ್ ಉದ್ದದಲ್ಲಿ ನಾವು 20 ಜಾಗಗಳಲ್ಲಿ ಅಳತೆ ಮಾಡಿದ್ದೇವೆ (ಲಗತ್ತು 2). ಕಾಂಪೌಂಡುಗಳ ನಡುವಿನ ಅಗಲ 5.7ರಿಂದ 6.1 ಮೀಟರ್. ವಾಹನಯೋಗ್ಯ ಅಗಲ ಎಲ್ಲಿಯೂ 4.8 ಮೀಟರ್ ಮೀರಿಲ್ಲ. ಪೂರ್ಣ ಉದ್ದಕ್ಕೆ ಭೂಮಿ ಸ್ವಾಧೀನಕ್ಕೆ ಬರುವ ಮುನ್ನ ಹೆಚ್ಚುವರಿ ಎಫ್‌ಎಸ್‌ಐ ಕೊಡಬಾರದೆಂಬ ಷರತ್ತನ್ನು ಠರಾವಿನಲ್ಲಿ ಸೇರಿಸಬೇಕು. ಪರ್ಯಾಯವಾಗಿ ಈ ರಸ್ತೆಯನ್ನು ಪಟ್ಟಿಯಿಂದ ಕೈಬಿಡಬೇಕು.”

ಅಳತೆ, ಆಧಾರ, ಬೇಡಿಕೆ, ಪರ್ಯಾಯ. ಅಧಿಕಾರಿಯ ವರದಿಯಲ್ಲಿ ಪ್ರತಿ ಮುದ್ದೆಯ ಎದುರು ‘ಶಿಫಾರಸು’ ಎಂಬ ಕಾಲಮ್ ಇರುತ್ತದೆ. ಬೇಡಿಕೆ ಇಲ್ಲದ ಮುದ್ದೆಗೆ ಅವರು ‘ನೋಂದ್ ಘೇತಲಿ’, ಅಂದರೆ ಗಮನಿಸಲಾಗಿದೆ ಎಂದು ಬರೆದು ಮುಂದೆ ಹೋಗುತ್ತಾರೆ. ಕೊನೆಯಲ್ಲಿ ‘ನಮಗೆ ಖುದ್ದು ವಿಚಾರಣೆ ಬೇಕು’ ಎಂದು ಸ್ಪಷ್ಟವಾಗಿ ಬರೆಯಿರಿ, ವಿಳಾಸ ಮತ್ತು ಮೊಬೈಲ್ ನಂಬರು ಕೊಡಿ.

ಒಂದೇ ಪತ್ರದ 300 ಜೆರಾಕ್ಸಿಗೆ ಸಹಿ ಹಾಕಿಸುವುದು ಎಲ್ಲರೂ ಮಾಡುವ ಕೆಲಸ. ಅವುಗಳನ್ನು ಒಂದೇ ಗುಂಪಾಗಿ ಕಟ್ಟಿ ಒಂದೇ ಉತ್ತರ ಬರೆಯುತ್ತಾರೆ. 300 ಸಹಿಗಿಂತ ಬೇರೆಬೇರೆ ವಿಷಯದ 12 ಪತ್ರಗಳು ಮೇಲು: ಒಬ್ಬರು ನೀರಿನ ಬಗ್ಗೆ, ಟ್ಯಾಂಕರ್ ಬಿಲ್ಲುಗಳ ಜತೆ, ಒಬ್ಬರು ಮಳೆಗಾಲದಲ್ಲಿ ಉಕ್ಕುವ ಚೇಂಬರಿನ ಬಗ್ಗೆ, ದಿನಾಂಕದ ಫೋಟೊಗಳ ಜತೆ, ಒಬ್ಬರು ಮರಗಳ ಪಟ್ಟಿ, ಒಬ್ಬರು ಶಾಲಾ ಬಸ್ಸು ತಿರುಗುವ ಜಾಗ, ಸೊಸೈಟಿ ತನ್ನ ಠರಾವಿನ ಪ್ರತಿಯೊಂದಿಗೆ ರಸ್ತೆ ಅಳತೆ.

ಬರೆಯಬಾರದ್ದೂ ಇದೆ. ‘ಫ್ಲಾಟು ಬಂದರೆ ಎಂಥೆಂಥವರೋ ಬರುತ್ತಾರೆ’, ‘ನಮ್ಮ ಪರಿಸರದ ದರ್ಜೆ ಕೆಡುತ್ತದೆ’, ‘ಮನೆ ಬೆಲೆ ಇಳಿಯುತ್ತದೆ’. ಇವು ಕಾನೂನಿನಲ್ಲಿ ನಿಲ್ಲುವುದಿಲ್ಲ, ಮನುಷ್ಯತ್ವದಲ್ಲೂ ನಿಲ್ಲುವುದಿಲ್ಲ. ಧಾರವಾಡ, ಬೆಳಗಾವಿ, ಸೊಲ್ಲಾಪುರ, ಕಲಬುರಗಿಯಿಂದ ಬಂದು ಇದೇ ಪುಣೆಯಲ್ಲಿ ಒಂದು ಖೋಲಿ ಹುಡುಕಿದವರ ಮಕ್ಕಳು ಮೊಮ್ಮಕ್ಕಳು ನಾವು. ಮನೆ ಹುಡುಕಿ ಬರುವವರ ಮುಂದೆ ಬಾಗಿಲು ಹಾಕುವ ವಾದ ನಮ್ಮ ಬಾಯಲ್ಲಿ ಬರಬಾರದು. ನಗರಕ್ಕೆ ಮನೆಗಳು ಬೇಕು. 30 ಮೀಟರ್ ರಸ್ತೆಯ ಮೇಲೆ, ಮೆಟ್ರೊ ಪಕ್ಕದಲ್ಲಿ, ನೀರಿನ ಕೊಳವೆ ಇರುವಲ್ಲಿ ಅವು ಎತ್ತರವಾಗಿಯೇ ಬರಲಿ ಎಂದು ಪತ್ರದಲ್ಲೇ ಬರೆಯಿರಿ. ಎಲ್ಲಿ ಬೇಡ ಎಂಬುದರ ಜತೆ ಎಲ್ಲಿ ಆಗಬಹುದು ಎಂದು ಹೇಳಿದ ನಿವಾಸಿಗಳ ಮಾತನ್ನು ಅಧಿಕಾರಿಗಳು ಬೇರೆ ರೀತಿಯಲ್ಲಿ ಕೇಳುತ್ತಾರೆ.

ಪತ್ರವನ್ನು ಆವಕ-ಜಾವಕ ಕಿಟಕಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಶಿಕ್ಕಾ (ಮೊಹರು), ಆವಕ ನಂಬರು, ದಿನಾಂಕ ಹಾಕಿಸಿಕೊಳ್ಳಿ. ಈ ‘ಪೋಚ್’ (ಸ್ವೀಕೃತಿ) ಇಲ್ಲದ ಪತ್ರ ಕೊಡದ ಪತ್ರಕ್ಕೆ ಸಮ. ಇಮೇಲ್ ಕಳಿಸಿದ್ದರೂ ಕಾಗದ ಕೊಡಿ.

ವಿಚಾರಣೆಯ ದಿನ

ಮುಖ್ಯ ಕಚೇರಿ ಶಿವಾಜಿನಗರದಲ್ಲಿ. ನೂರಾರು ಜನರನ್ನು ಒಂದೇ ದಿನ ಕರೆದಿರುತ್ತಾರೆ, ನಿಮ್ಮ ಪಾಲಿಗೆ ಮೂರೋ ನಾಲ್ಕೋ ನಿಮಿಷ. ಮೂರು ಜನ ಮಾತಾಡಲಿ, ಒಬ್ಬರಿಗೆ ಒಂದೇ ಮುದ್ದೆ. ನಕ್ಷೆಯನ್ನು ಎ3 ಹಾಳೆಯಲ್ಲಿ ಬಣ್ಣದಲ್ಲಿ ಒಯ್ದು ಮೇಜಿನ ಮೇಲೆ ಬಿಡಿಸಿ. ಮರಾಠಿ ಸರಾಗವಾಗಿ ಬರದವರು ಬರೆದುಕೊಂಡು ಓದಲಿ, ಅದರಲ್ಲಿ ಸಂಕೋಚ ಬೇಡ; ಹೇಳಿದ್ದರ ಒಂದು ಪುಟದ ಲಿಖಿತ ಸಾರವನ್ನು ಅಲ್ಲೇ ಕೊಟ್ಟು ಪೋಚ್ ಪಡೆಯಿರಿ. ಹಾಜರಿ ಪುಸ್ತಕದಲ್ಲಿ ಎಲ್ಲರೂ ಸಹಿ ಮಾಡಬೇಕು. ಬಿಲ್ಡರುಗಳ ಬಗ್ಗೆ ಆರೋಪ, ಕೂಗಾಟ ಶುರುವಾದರೆ ಅಧಿಕಾರಿ ಪೆನ್ನು ಕೆಳಗಿಡುತ್ತಾರೆ, ನಿಮ್ಮ ಅಳತೆ ದಾಖಲಾಗದೆ ಹೋಗುತ್ತದೆ.

ನಗರಸೇವಕರು ಮತ್ತು ಮುಖ್ಯ ಸಭೆ

ಪುಣೆಯಲ್ಲಿ ಒಂದು ಪ್ರಭಾಗಕ್ಕೆ ಸಾಮಾನ್ಯವಾಗಿ ನಾಲ್ವರು ನಗರಸೇವಕರು. ನಾಲ್ವರನ್ನೂ ಬೇರೆಬೇರೆಯಾಗಿ, ಪಕ್ಷ ನೋಡದೆ ಭೇಟಿ ಮಾಡಿ. ಕೇಳುವುದು ನಿರ್ದಿಷ್ಟವಾಗಿರಲಿ: ‘ಈ ವಿಷಯಕ್ಕೆ ಈ ಉಪಸೂಚನೆ ಮಂಡಿಸಿ’ ಎಂದು ಬರೆದ ವಾಕ್ಯವನ್ನೇ ಕೈಗೆ ಕೊಡಿ. ಮುಖ್ಯ ಸಭೆಯಲ್ಲಿ ಪ್ರಸ್ತಾವಕ್ಕೆ ಬದಲಾವಣೆ ತರುವುದು ಉಪಸೂಚನೆಯ ಮೂಲಕ. ಅದೇ ದಾರಿಯಲ್ಲಿ ನಿಮಗೆ ಬೇಡದ ಬದಲಾವಣೆಯೂ ಕೊನೆ ಗಳಿಗೆಯಲ್ಲಿ ನುಸುಳಬಹುದು. ಆದ್ದರಿಂದ ಕಾರ್ಯಪತ್ರಿಕೆ ಓದಿ ಸುಮ್ಮನಾಗದೆ, ಸಭೆ ಮುಗಿದ ಮೇಲೆ ಅಂಗೀಕಾರವಾದ ಠರಾವಿನ ದೃಢೀಕೃತ ಪ್ರತಿ ಪಡೆದು ಪದಪದವನ್ನೂ ಓದಿ. 2022ರ ಮಾರ್ಚಿನಿಂದ ಹಲವು ವರ್ಷ ಚುನಾಯಿತ ಸಭೆ ಇಲ್ಲದೆ ಆಡಳಿತಾಧಿಕಾರಿಯೇ ಠರಾವು ಮಾಡಿದರು. ಆ ಅವಧಿಯ ಠರಾವುಗಳಲ್ಲಿ ನಿಮ್ಮ ಗಲ್ಲಿ ಇದೆಯೇ ಎಂದು ನೋಡುವುದು ಒಳ್ಳೆಯದು.

ಠರಾವು ಕಾನೂನಿಗೆ ಅಥವಾ ಜನಹಿತಕ್ಕೆ ವಿರುದ್ಧ ಎನಿಸಿದರೆ, ಪಾಲಿಕೆ ಅಧಿನಿಯಮದ ಕಲಂ 451ರ ಪ್ರಕಾರ ಅದನ್ನು ತಡೆಹಿಡಿಯುವ, ರದ್ದುಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮಂತ್ರಾಲಯದ ನಗರವಿಕಾಸ ವಿಭಾಗಕ್ಕೆ ಠರಾವಿನ ಪ್ರತಿ, ನಿಮ್ಮ ಪೋಚ್‌ಗಳು, ಅಳತೆಯ ಲಗತ್ತು ಸೇರಿಸಿ ಅರ್ಜಿ ಕೊಡಿ, ಪ್ರತಿಯನ್ನು ಆಯುಕ್ತರಿಗೆ ಕಳಿಸಿ.

ಕೆಲಸ ಆಗಲೇ ಶುರುವಾಗಿದ್ದರೆ

ಆಗ ‘ಕಟ್ಟಡವೇ ಬೇಡ’ ಎಂಬ ವಾದ ಬಿಟ್ಟು ನಿಯಮ ಮೀರಿದ್ದು ಎಲ್ಲಿ ಎಂದು ಹುಡುಕಬೇಕು. ಸುಳ್ಳು ರಸ್ತೆ ಅಗಲ ತೋರಿಸಿ ಪರವಾನಗಿ ಪಡೆದಿದ್ದರೆ ಎಂಆರ್‌ಟಿಪಿ ಕಲಂ 51ರಲ್ಲಿ ಅದನ್ನು ಹಿಂತೆಗೆಯಬಹುದು, ಆದರೆ ಕೆಲಸ ಬಹಳ ಮುಂದೆ ಹೋದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಅಡಿಪಾಯದ ಹಂತದಲ್ಲೇ ಪತ್ರ ಹೋಗಬೇಕು. ಮಂಜೂರಾದ ನಕ್ಷೆಗಿಂತ ಹೆಚ್ಚು ಕಟ್ಟಿದ್ದರೆ ಕಲಂ 52, 53. ಪಕ್ಕದ ಅಂತರವನ್ನು ನಿಮ್ಮ ಕಾಂಪೌಂಡಿನಿಂದಲೇ ಅಳೆಯಬಹುದು, ಅವರ ಪ್ಲಾಟಿನೊಳಗೆ ಕಾಲಿಡಬೇಡಿ.

ಮರ ಕಡಿಯುವುದಿದ್ದರೆ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರದ ಮೇಲೂ ಪತ್ರಿಕೆಯಲ್ಲೂ ನೋಟಿಸು ಬರಬೇಕು. ಆಕ್ಷೇಪಕ್ಕೆ ಸಿಗುವುದು 7 ದಿನ ಮಾತ್ರ, ಉದ್ಯಾನ ವಿಭಾಗಕ್ಕೆ ಕೊಡಬೇಕು. ಒಟ್ಟು ನಿರ್ಮಾಣ 20,000 ಚದರ ಮೀಟರ್ ಅಥವಾ ಹೆಚ್ಚಾದರೆ ಪರಿಸರ ಅನುಮತಿ ಬೇಕು. ಅಂಥ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪಶ್ಚಿಮ ಪೀಠ ಪುಣೆಯಲ್ಲೇ ಇದೆ. ಬಾಂಬೆ ಹೈಕೋರ್ಟಿಗೆ ಹೋಗುವುದು ಕೊನೆಯ ಮೆಟ್ಟಿಲು. ಅಲ್ಲಿ ನ್ಯಾಯಮೂರ್ತಿಗಳು ಮೊದಲು ಕೇಳುವುದು ನೀವು ಯಾವಾಗ, ಯಾರಿಗೆ, ಏನು ಬರೆದಿರಿ ಎಂದು. ತಡ ಮಾಡಿದವರ ಅರ್ಜಿ ಆ ಕಾರಣಕ್ಕೇ ಬಿದ್ದುಹೋಗುತ್ತದೆ.

ಆದೇಶ ನಿಮ್ಮ ಪರವಾಗಿ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ರಸ್ತೆಯನ್ನು ಪಟ್ಟಿಯಿಂದ ಕೈಬಿಟ್ಟ ಠರಾವು ನಗರಸಚಿವರ ಕಚೇರಿಯಲ್ಲಿದ್ದು, ಬಾಂಧಕಾಮ ವಿಭಾಗದ ನಕ್ಷೆಯಲ್ಲಿ ಮಾತ್ರ ಹಳೆಯ 9 ಮೀಟರ್ ಗೆರೆ ಹಾಗೇ ಉಳಿದುಬಿಡಬಹುದು. ಮುಂದಿನ ಪರವಾನಗಿ ಆ ಗೆರೆಯನ್ನೇ ನೋಡಿ ಹೊರಡುತ್ತದೆ. ಠರಾವಿನ ಪ್ರತಿಯನ್ನು ಶಹರ ಅಭಿಯಂತರ (ನಗರ ಇಂಜಿನಿಯರ್) ಕಚೇರಿಗೆ ಪೋಚ್ ಸಮೇತ ಕೊಟ್ಟು, ಎರಡು ತಿಂಗಳ ನಂತರ ಗಲ್ಲಿಯ ಯಾವುದಾದರೂ ಒಂದು ಪ್ಲಾಟಿಗೆ ಹೊಸ ಝೋನ್ ದಾಖಲೆ ತೆಗೆಸಿ. ಅದರಲ್ಲಿ ರಸ್ತೆಯ ಅಗಲ 6 ಮೀಟರ್ ಎಂದು ಅಚ್ಚಾಗಿದ್ದರೆ ಆ ಕಾಗದವನ್ನು ಸೊಸೈಟಿಯ ಕಪಾಟಿನಲ್ಲಿ ಠರಾವಿನ ಜತೆ ಇಡಿ.